ಮಾತಿಲ್ಲದ ಬೆಂಚು

ಜನವರಿ 9

ಅಪ್ಪ,

ಬೈಯುವ ಮುಂಚೆ ಪೂರ್ತಿ ಓದಿ. ಅರ್ಧ ಓದಿ ಮೇಜಿನ ಮೇಲೆ ಬಿಸಾಕಿ ಕಾರಿನ ಕೀ ಹುಡುಕುವ ನಿಮ್ಮ ಚಾಳಿ ನನಗೆ ಗೊತ್ತು.

ಬಚ್ಚಲುಮನೆಯಲ್ಲಿ ನನ್ನ ಮತ್ತಿನ ಪುಡಿಯ ಪೊಟ್ಟಣ ಸಿಕ್ಕಿ ನೀವು ಮನೆಯ ಹೆಂಚು ಹಾರಿಹೋಗುವ ಹಾಗೆ ಕೂಗಾಡಿದಿರಲ್ಲ, ಅವತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಎಲ್ಲಿಗೋ ಹಾಳಾಗಿ ಹೋಗಲಿಲ್ಲ. ದೊಡ್ಡಾಸ್ಪತ್ರೆಗೆ ಹೋದೆ. ಅವರು ಇಲ್ಲಿಗೆ ಕಳಿಸಿದರು. ಊರಿನ ಆ ತುದಿಯಲ್ಲಿ, ಟೈರು ಗೋದಾಮುಗಳ ಹಿಂದೆ ಇರುವ ಎರಡಂತಸ್ತಿನ ಆರೈಕೆ ಮನೆ ಇದು. ಇಲ್ಲಿರುವವರೆಲ್ಲ ನನ್ನಂಥವರೇ. ಬಸುರಿಯರು, ಚಟಕ್ಕೆ ಬಿದ್ದವರು. ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡರು. ಪುಡಿ ಮಾರುವವರ ನಂಬರು ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಅದಕ್ಕೆ. ಹಾಗಾಗಿ ಈ ಕಾಗದ.

ಈಗ ನನಗೆ ಐದು ತಿಂಗಳು. ಮಗುವಿನ ಎದೆ ಬಡಿತ ಕೇಳಿಸಿದರು. ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಮಿಷನ್ನು ಓಡಿಸುತ್ತಿರುವ ಹಾಗೆ ಕೇಳುತ್ತದೆ ಅಪ್ಪ. ಅಷ್ಟು ಅವಸರ ಅದಕ್ಕೆ.

ಮೊದಲ ದಿನವೇ ಡಾಕ್ಟರಮ್ಮನಿಗೆ ಹೇಳಿದೆ. "ಮೇಡಂ, ನನ್ನನ್ನ ಒಂದು ರೂಮಲ್ಲಿ ಹಾಕಿ ಬೀಗ ಜಡಿದುಬಿಡಿ. ಎಷ್ಟು ಒದ್ದಾಡಿದ್ರೂ ತೆಗೀಬೇಡಿ. ಬಿಟ್ಟೇಬಿಡ್ತೀನಿ." ಅವರು ತಲೆ ಅಲ್ಲಾಡಿಸಿದರು. "ನೀನು ಒದ್ದಾಡಿದ್ರೆ ಒಳಗಿರೋದೂ ಒದ್ದಾಡತ್ತೆ ಕಣಮ್ಮ. ದಿಢೀರಂತ ನಿಲ್ಸಿದ್ರೆ ಹೆರಿಗೆ ನೋವು ಮುಂಚೆನೇ ಬಂದ್ಬಿಡಬಹುದು, ಮಗು ಕೈಗೆ ಸಿಗದೇ ಹೋಗಬಹುದು. ಈಗ ನಿಂಗೆ ಬೇಕಾಗಿರೋದು ಶೌರ್ಯ ಅಲ್ಲ, ಏರುಪೇರಿಲ್ಲದ ಮೈ." ಅದಕ್ಕೆ ಒಂದು ಮಾತ್ರೆ ಕೊಡುತ್ತಾರೆ. ಪುಡಿಗಾಗಿ ಮೈ ಹಾತೊರೆಯುವುದನ್ನು ಅದು ತಡೆಯುತ್ತದೆ. ಹೆರಿಗೆಯ ತನಕ, ಆಮೇಲೂ ಬೇಕಾದಷ್ಟು ದಿನ ತೆಗೆದುಕೊಳ್ಳಬೇಕು.

ತೆಗೆದುಕೊಳ್ಳುವ ರೀತಿ ಕೇಳಿದರೆ ನಿಮಗೆ ನಗು ಬರುತ್ತದೆ. ಬೆಳಿಗ್ಗೆ ಕಿಟಕಿಯ ಮುಂದೆ ಸಾಲು ನಿಲ್ಲಬೇಕು. ಸಿಸ್ಟರ್ ಮಾತ್ರೆಯನ್ನು ನಾಲಿಗೆಯ ಅಡಿ ಇಡಿಸಿ, ಎದುರಿನ ಬೆಂಚಿನ ಮೇಲೆ ಕೂರಿಸುತ್ತಾರೆ. ಅದು ಪೂರ್ತಿ ಕರಗುವ ತನಕ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಎಂಟು ಜನ ಬಸುರಿಯರು ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತಿರುವುದನ್ನು ನೀವು ಜನ್ಮದಲ್ಲಿ ಕಂಡಿರಲಾರಿರಿ. ಕರಗಿದ ಮೇಲೆ ಸಿಸ್ಟರ್ ಬಂದು "ಆ ಅನ್ನಿ" ಅನ್ನುತ್ತಾರೆ. ಆಮೇಲೆ ಸಂತೆಯಂಥ ಗದ್ದಲ.

ಮನೆಯವರು ನೋಡಲು ಬರಬಹುದು. ಆದರೆ ಮೊದಲು ಡಾಕ್ಟರಮ್ಮನ ಜೊತೆ ಒಂದು ಸಲ ಕೂತು ಎಲ್ಲ ಕೇಳಿಸಿಕೊಳ್ಳಬೇಕು. ಬರುತ್ತೀರಾ? ಅತ್ತೆಗೆ, ಅದೇ ನಿಮ್ಮಕ್ಕನಿಗೆ, ಏನು ಹೇಳಿದ್ದೀರಿ?

ನಿಮ್ಮ
ಚೂಟಿ

*

ಜನವರಿ 17

ಚೂಟಿ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಈಗ ಬೈಯಬಹುದಾ?

ಬದುಕಿದ್ದೀಯಲ್ಲ, ಅಷ್ಟೇ ಸಾಕು ಎಂದು ಮೊದಲ ಸಲ ಓದಿದಾಗ ಅನ್ನಿಸಿತು. ಎರಡನೇ ಸಲ ಓದಿದಾಗ ಪಿತ್ತ ನೆತ್ತಿಗೇರಿತು. ಪುಡಿ ಬಿಡಿಸುತ್ತೇವೆ ಎಂದು ಕರೆದುಕೊಂಡು ಹೋಗಿ ಮಾತ್ರೆ ಹಿಡಿಸಿದ್ದಾರಲ್ಲೇ! ನೀನು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗಲೂ ಮಾತ್ರೆಯೇ ಕೊಟ್ಟಿದ್ದರು. ನೋವಿಗೆ ಅಂದರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಮಾತ್ರೆ ಸಿಗದೇ ಹೋದಾಗ ಪುಡಿ ಬಂತು. ಪುಡಿ ಬಂದ ಹಿಂದೆಯೇ ನಿನ್ನ ಗಂಡ ನಿನ್ನನ್ನು ಬಿಟ್ಟು ಹೋದ. ಈಗ ಪುನಃ ಮಾತ್ರೆ. ತಿರುಗಿ ಮೊದಲಿನ ಸ್ಟಾಪಿಗೇ ಬಂದು ಇಳಿದಿದ್ದೀಯ.

ನಾನು ಇಷ್ಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ಗೊತ್ತಲ್ಲ. ನನ್ನ ಹತ್ತಿರ ಡ್ರೈವಿಂಗ್ ಕಲಿಯುವ ಆ ಹಲ್ಲಿನ ಡಾಕ್ಟರಮ್ಮ ಇದ್ದಾರಲ್ಲ, ಯಾರಾದರೂ ಹಾರ್ನ್ ಮಾಡಿದರೆ ಸ್ಟೇರಿಂಗ್ ಬಿಟ್ಟು ಎರಡೂ ಕೈಯೆತ್ತಿ ಕ್ಷಮೆ ಕೇಳುತ್ತಾರೆ, ಅವರಿಗೂ ನಾನು ಹೇಳುವುದು ಒಂದೇ. ನನ್ನ ಬ್ರೇಕನ್ನು ನಂಬಿ ಕೂತರೆ ಯಾವತ್ತೂ ಕಲಿಯುವುದಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಿನ್ನಮ್ಮ ನಿನ್ನನ್ನು ಹೊತ್ತಿದ್ದಾಗ ನನ್ನ ಸಿಗರೇಟಿನ ವಾಸನೆಗೆ ಉಂಡದ್ದೆಲ್ಲ ಕಕ್ಕುತ್ತಿದ್ದಳು. ಒಂದು ಬೆಳಿಗ್ಗೆ ಪ್ಯಾಕೆಟ್ಟನ್ನು ಮೋರಿಗೆ ಎಸೆದೆ. ಅಷ್ಟೇ. ಕೈ ನಡುಗಿತು, ಊಟದ ತಟ್ಟೆ ಎಸೆದೆ, ನಿನ್ನಮ್ಮನ ಮೇಲೆ ಹರಿಹಾಯ್ದೆ, ಆದರೆ ಪುನಃ ಮುಟ್ಟಲಿಲ್ಲ. ಹೊಟ್ಟೆಯಲ್ಲಿದ್ದ ನಿನಗಾಗಿ ಬಿಟ್ಟೆ. ನೀನು ನನ್ನ ಮಗಳಲ್ಲವಾ?

ಡಾಕ್ಟರ ಮುಂದೆ ಕೂತು ಮನೆಯ ಮರ್ಯಾದೆ ಬಿಚ್ಚಿಡುವುದು ನನ್ನ ಕೈಲಾಗದು. ನಿನಗೆ ರಕ್ತ ಕಡಿಮೆ, ಹಾಸಿಗೆ ಬಿಟ್ಟು ಏಳಬಾರದಂತೆ ಎಂದು ಅತ್ತೆಗೆ ಹೇಳಿದ್ದೇನೆ. ಮಗು ಹುಟ್ಟುವ ಹೊತ್ತಿಗೆ ನಿನ್ನ ಮೈಯಲ್ಲಿ ಪುಡಿಯೂ ಇರಬಾರದು, ಮಾತ್ರೆಯೂ ಇರಬಾರದು. ಹಾಗೆ ಬಂದರೆ ಈ ಮನೆ ನಿನ್ನದೇ. ಇಲ್ಲದಿದ್ದರೆ ನನ್ನನ್ನು ಏನೂ ಕೇಳಬೇಡ.

ನಿನ್ನ ಅಪ್ಪ

*

ಫೆಬ್ರವರಿ 2

ಅಪ್ಪ,

ಎಂಥ ಲೆಕ್ಕ ನಿಮ್ಮದು! ಸಿಗರೇಟು ಬಿಟ್ಟವರು ನೀವು. ನಾನಿದ್ದದ್ದು ಅಮ್ಮನ ಹೊಟ್ಟೆಯಲ್ಲಿ. ನೀವು ತಟ್ಟೆ ಎಸೆದರೂ ಸರಿ, ಗೋಡೆಗೆ ತಲೆ ಚಚ್ಚಿಕೊಂಡರೂ ಸರಿ, ನನಗೆ ಏನೂ ಆಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ನನ್ನ ಮೈಗೆ ಬರುವ ನಡುಕ ಮೊದಲು ಹೋಗಿ ತಟ್ಟುವುದು ಅದಕ್ಕೇ. ನಿಮ್ಮ ಬ್ರೇಕಿನ ಕಥೆಯೂ ಅಷ್ಟೇ. ಹಲ್ಲಿನ ಡಾಕ್ಟರಮ್ಮ ಲಾರಿಯ ಎದುರು ಹೋಗುವಾಗ ನೀವು ಕಾಲೆತ್ತಿ ಕೂರುತ್ತೀರಾ?

ಕೋಪದಲ್ಲಿ ಬರೆದುಬಿಟ್ಟೆ. ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಚೆನ್ನಾಗಿದ್ದೇನೆ. ನಿಜವಾಗಿಯೂ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ "ಇವತ್ತು ಎಲ್ಲಿಂದ ತರಲಿ" ಎಂಬ ಯೋಚನೆ ಇಲ್ಲ. ಆ ಯೋಚನೆ ಇಲ್ಲದ ಬೆಳಗು ಹೇಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಮಗು ಒದೆಯುತ್ತದೆ. ಮಾತ್ರೆ ಕರಗುವ ಹೊತ್ತಿನಲ್ಲೇ ಜಾಸ್ತಿ ಒದೆಯುವುದು, ಮಾತಾಡುವಂತಿಲ್ಲ ಎಂದು ಅದಕ್ಕೂ ಗೊತ್ತಿದ್ದಂತೆ.

ಆದರೆ ಒಂದು ಮಾತು ಕೇಳಿದಾಗಿನಿಂದ ಜೀವ ನಿಂತಲ್ಲಿ ನಿಲ್ಲುತ್ತಿಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂರುವವಳು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಇದು ಅವಳ ಎರಡನೇ ಮಗು. ಮೊದಲನೆಯದೂ ಇಲ್ಲೇ ಆದದ್ದು. ಅದು ಹುಟ್ಟಿದ ಮಾರನೇ ದಿನದಿಂದ ನಡುಗುತ್ತಿತ್ತಂತೆ. ಅಳು ನಿಲ್ಲುತ್ತಿರಲಿಲ್ಲವಂತೆ, ಹಾಲು ಹಿಡಿಯುತ್ತಿರಲಿಲ್ಲವಂತೆ. "ಆಮೇಲೆ ಸರಿ ಹೋಯ್ತು ಬಿಡೇ, ಈಗ ನೋಡು, ಶಾಲೇಲಿ ಎಲ್ಲರ ಜುಟ್ಟು ಹಿಡಿದು ಆಡಿಸ್ತಾನೆ" ಎಂದು ನಕ್ಕಳು. ಡಾಕ್ಟರಮ್ಮನನ್ನು ಕೇಳಿದೆ. ಹೌದು, ಕೆಲವು ಮಕ್ಕಳಿಗೆ ಹಾಗಾಗುತ್ತದೆ, ಅದಕ್ಕೆ ಆರೈಕೆ ಇದೆ, ವಾಸಿಯಾಗುತ್ತದೆ, ಹೆದರಬೇಡ ಎಂದರು. ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದಾ?

ಒಂದು ಸಲ ಬಂದು ಅವರ ಜೊತೆ ಕೂರಿ ಅಪ್ಪ. ನನಗೆ ಯಾರೂ ಇಲ್ಲ.

ಚೂಟಿ

*

ಫೆಬ್ರವರಿ 10

ಚೂಟಿ,

ನಡುಗುತ್ತದೆಯಂತೆ! ಹಸುಗೂಸು ನಡುಗುತ್ತದೆಯಂತೆ, ಹೆದರಬೇಡವಂತೆ! ಇದನ್ನು ಬರೆಯುವಾಗ ನಿನ್ನ ಕೈ ಹೇಗೆ ಓಡಿತು?

ಈಗಲಾದರೂ ಕಣ್ಣು ಬಿಡು. ನೀನು ನುಂಗುವುದನ್ನು ಅದೂ ನುಂಗುತ್ತಿದೆ. ಹೊಟ್ಟೆಯಲ್ಲೇ ಚಟ ಹತ್ತಿಸಿಕೊಂಡು ಹುಟ್ಟುವ ಮಗು ನಮ್ಮ ಮನೆಯದಾಗಬೇಕಾ? ಡಾಕ್ಟರು ಸಾವಿರ ಹೇಳುತ್ತಾರೆ. ಅವರಿಗೆ ನೀನು ಸಾಲಿನಲ್ಲಿ ನಿಂತ ಎಂಟರಲ್ಲಿ ಒಬ್ಬಳು. ನನಗೆ ನೀನೊಬ್ಬಳೇ. ನಿನ್ನಮ್ಮ ಹೋದ ಮೇಲೆ ನಿನ್ನ ತಲೆ ಬಾಚಿದವನು ನಾನು, ಶಾಲೆಗೆ ಬಿಟ್ಟವನು ನಾನು. ನಿನ್ನ ಕೇಡು ಬಯಸುತ್ತೇನಾ?

ಒಂದೇ ಸಲ ಬಿಡುವುದು ಬೇಡ, ಆಯಿತು. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡು. ಇನ್ನೂ ಮೂರು ತಿಂಗಳಿಗೂ ಮಿಕ್ಕಿದೆ. ಗೇರ್ ಇಳಿಸುತ್ತಾ ಬಂದರೆ ಗಾಡಿ ತಾನಾಗಿ ನಿಲ್ಲುತ್ತದೆ. ಅವರು ಒಪ್ಪದಿದ್ದರೆ ಅವರನ್ನು ಕೇಳಲೇಬೇಡ. ಮನಸ್ಸು ಮಾಡಿದರೆ ನಿನ್ನಿಂದ ಆಗದ್ದು ಯಾವುದಿದೆ?

ನಿನ್ನ ಅಪ್ಪ

*

ಫೆಬ್ರವರಿ 26

ಅಪ್ಪ,

ಶುರು ಮಾಡಿದ್ದೇನೆ. ಯಾರಿಗೂ ಹೇಳಬೇಡಿ.

ಅರ್ಧ ಮಾತ್ರೆ ಕರಗುವ ಹೊತ್ತಿಗೆ ಕೆಮ್ಮು ಬಂದವಳ ಹಾಗೆ ಕರವಸ್ತ್ರ ಬಾಯಿಗೆ ಹಿಡಿಯುತ್ತೇನೆ. ಉಳಿದದ್ದು ಅದರೊಳಗೆ. ಈ ವಾರ ಇನ್ನೂ ಕಡಿಮೆ ಮಾಡಿದ್ದೇನೆ. ಬೇಕರಿಯವಳು ಮಾತ್ರ ಓರೆಗಣ್ಣಿನಲ್ಲಿ ನೋಡುತ್ತಾಳೆ.

ಸ್ವಲ್ಪ ನೆಗಡಿ. ಕಣ್ಣು ಮೂಗು ಸೋರುತ್ತಲೇ ಇರುತ್ತದೆ. ಒಂದರ ಹಿಂದೆ ಒಂದು ಆಕಳಿಕೆ, ದವಡೆ ಕಳಚಿ ಬೀಳುವ ಹಾಗೆ. ಕಾಲು ಒಂದು ಕಡೆ ಇಟ್ಟಲ್ಲಿ ಇರುವುದಿಲ್ಲ. ಮೈ ಚಳಿ, ಇಲ್ಲಿ ಸೆಕೆ ಇದ್ದರೂ. ತಡೆದುಕೊಳ್ಳುತ್ತೇನೆ. ಅದು ನಡುಗಬಾರದು ಅಷ್ಟೇ.

ಮನೆಗೆ ಬರಬೇಕು ಅಪ್ಪ. ನನ್ನ ಕೋಣೆಯಲ್ಲಿ ಮಲಗಬೇಕು.

ಚೂಟಿ

*

ಮಾರ್ಚ್ 4

ನನ್ನ ಚೂಟಿ,

ಶಹಭಾಷ್! ಇದು ನನ್ನ ಮಗಳು! ಕಾಗದ ಓದಿ ಆಫೀಸಿನಲ್ಲಿ ಒಬ್ಬನೇ ಮೇಜು ಕುಟ್ಟಿದೆ. ಹೊರಗೆ ಕಾಯುತ್ತಿದ್ದ ಹಲ್ಲಿನ ಡಾಕ್ಟರಮ್ಮ ತಾನೇನೋ ತಪ್ಪು ಮಾಡಿದೆ ಎಂದು ಹೆದರಿ ಎದ್ದು ನಿಂತರು ಪಾಪ.

ನೆಗಡಿ, ಆಕಳಿಕೆ ಎಲ್ಲ ಕೆಟ್ಟದ್ದು ಮೈ ಬಿಟ್ಟು ಹೊರಡುವ ಲಕ್ಷಣ. ನನಗೂ ಆಗಿತ್ತು. ಹಲ್ಲು ಕಚ್ಚಿ ಹಿಡಿ. ಇದರ ಜೊತೆ ಒಂದು ಶಾಲು ಕಳಿಸುತ್ತಿದ್ದೇನೆ, ನಿನ್ನಮ್ಮನದು. ಚೆನ್ನಾಗಿ ಹೊದ್ದುಕೋ.

ನಿನ್ನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ. ಯಾವ ಬಣ್ಣ ಎಂದು ಹೇಳುವುದಿಲ್ಲ, ಬಂದು ನೋಡು. ಅತ್ತೆ ಮಗುವಿಗೆ ಟೋಪಿ ಹೆಣೆಯುತ್ತಿದ್ದಾಳೆ. ಅವಳ ಅಳತೆ ನೋಡಿದರೆ ಅದು ನನ್ನ ತಲೆಗೇ ಆಗುತ್ತದೆ.

ನಿನ್ನ ಅಕ್ಷರ ಯಾಕೋ ಈ ಸಲ ಹೊಯ್ದಾಡಿದೆ. ಹಾಸಿಗೆಯ ಮೇಲೆ ಕೂತು ಬರೆದೆಯಾ?

ಹೆಮ್ಮೆಯಿಂದ,
ಅಪ್ಪ

*

ಮಾರ್ಚ್ 13

ಯಜಮಾನರಿಗೆ ನಮಸ್ಕಾರ.

ನಾನು ಆರೈಕೆ ಮನೆಯ ಸಿಸ್ಟರ್. ನಿಮ್ಮ ಮಗಳಿಗೆ ಬರೆಯಲು ಆಗುವ ಸ್ಥಿತಿ ಇಲ್ಲದ್ದರಿಂದ ಬರೆಯುತ್ತಿದ್ದೇನೆ. ಮೊದಲಿಗೆ, ಇಬ್ಬರೂ ಬದುಕಿದ್ದಾರೆ. ಅವಳು ಬರೆಸಿದ್ದ ನಿಮ್ಮ ನಂಬರಿಗೆ ಮೊನ್ನೆಯಿಂದ ಫೋನು ಮಾಡಿದೆವು. ನೀವು ಎತ್ತಲಿಲ್ಲ.

ಮೊನ್ನೆ ಬೆಳಿಗ್ಗೆ ಬೆಂಚಿನಲ್ಲಿ ಕೂತವಳು ಹಾಗೇ ಮುಂದಕ್ಕೆ ಬಗ್ಗಿದಳು. ಹೆರಿಗೆ ನೋವು ಶುರುವಾಗಿತ್ತು. ಏಳನೇ ತಿಂಗಳಿನಲ್ಲಿ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಓಡಿದೆವು. ವಾಂತಿ, ಭೇದಿ, ಮೈಯೆಲ್ಲ ಬೆವರು. ಮಗುವಿನ ಎದೆ ಬಡಿತ ಒಂದು ಹೊತ್ತು ತೀರಾ ಇಳಿದುಬಿಟ್ಟಿತು. ಮೊದಲಿನ ಪ್ರಮಾಣಕ್ಕೆ ಮಾತ್ರೆ ಕೊಟ್ಟು, ನೋವು ನಿಲ್ಲಲು ಬೇರೆ ಔಷಧಿ ಕೊಟ್ಟು, ಅಕಸ್ಮಾತ್ ಮಗು ಈಗಲೇ ಹೊರಬಂದರೆ ಉಸಿರಾಡಲಿ ಎಂದು ಇಂಜೆಕ್ಷನ್ ಕೊಟ್ಟು ಕಾದೆವು. ಸದ್ಯಕ್ಕೆ ನೋವು ನಿಂತಿದೆ. ನಾಳೆ ಪುನಃ ಇಲ್ಲಿಗೆ ಕರೆತರುತ್ತೇವೆ.

ಅವಳ ಬಟ್ಟೆ ಬದಲಿಸುವಾಗ ಕರವಸ್ತ್ರ ಸಿಕ್ಕಿತು. ನಾನು ದಿನಾ ಬೆಳಿಗ್ಗೆ ಅವಳ ಬಾಯಿ ನೋಡುವವಳು. ನನ್ನ ಕಣ್ಣಿಗೂ ಮಣ್ಣು ಎರಚಿದಳು, ಅದು ನನ್ನ ತಪ್ಪೂ ಹೌದು. ಯಾಕೆ ಹೀಗೆ ಮಾಡಿದೆ ಎಂದರೆ ಒಂದೇ ಮಾತು. "ಅಪ್ಪ ಮನೆಗೆ ಸೇರಿಸಲ್ಲ ಸಿಸ್ಟರ್."

ನಿಮ್ಮ ಮನೆಯ ವಿಷಯ ನನಗೆ ಬೇಡ. ಆದರೆ ಒಂದು ಹೇಳುತ್ತೇನೆ. ಅವಳು ಪುಡಿ ಕೇಳಲಿಲ್ಲ, ಓಡಿಹೋಗಲಿಲ್ಲ. ನೀವು ಹೇಳಿದ್ದನ್ನು ಮಾಡಿದಳು. ಬಂದು ಡಾಕ್ಟರಮ್ಮನ ಜೊತೆ ಕೂರಿ. ಇನ್ನು ತಡ ಮಾಡಬೇಡಿ.

ಸಿಸ್ಟರ್

*

ಮಾರ್ಚ್ 16

ಚೂಟಿ,

ಇದನ್ನು ಆರೈಕೆ ಮನೆಯ ಗೇಟಿನ ಕಾವಲುಗಾರನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ನನ್ನನ್ನು ನೋಡುವುದಿಲ್ಲ ಎಂದೆಯಂತೆ. ಸರಿಯಾಗಿಯೇ ಮಾಡಿದೆ.

ಫೋನು ಬಂದಿತ್ತು. ಪಾಠ ಹೇಳುವಾಗ ಗೊತ್ತಿಲ್ಲದ ನಂಬರು ಎತ್ತುವುದಿಲ್ಲ ಎಂಬ ನನ್ನ ದೊಡ್ಡ ನಿಯಮ ಒಂದಿದೆಯಲ್ಲ. ಕಾಗದ ಬಂದಾಗ ಕಾರಿನಲ್ಲಿದ್ದೆ. ಓದಿದವನಿಗೆ ಕ್ಲಚ್ ಯಾವುದು ಬ್ರೇಕ್ ಯಾವುದು ತಿಳಿಯಲಿಲ್ಲ. ಹಲ್ಲಿನ ಡಾಕ್ಟರಮ್ಮನೇ ಕಾರು ಓಡಿಸಿಕೊಂಡು ನನ್ನನ್ನು ಇಲ್ಲಿ ತಂದು ಬಿಟ್ಟರು. ದಾರಿಯುದ್ದಕ್ಕೂ ಒಂದೇ ಒಂದು ಸಲವೂ ಸ್ಟೇರಿಂಗ್ ಬಿಡಲಿಲ್ಲ.

ಡಾಕ್ಟರಮ್ಮನ ಮುಂದೆ ಕೂತೆ. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾನು ಬರೆದದ್ದನ್ನೆಲ್ಲ ನಾನೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸರ್, ಸಕ್ಕರೆ ಕಾಯಿಲೆ ಇರೋ ಬಸುರಿಗೆ ಇಂಜೆಕ್ಷನ್ ಬಿಡು ಅಂತೀರಾ? ಇದೂ ಹಂಗೇ. ಇದನ್ನ ಬಿಟ್ರೆ ಮಗುಗೆ ಅಪಾಯ, ಇದನ್ನ ತಗೊಂಡ್ರೆ ಮಗುಗೆ ಒಂದಿಷ್ಟು ದಿನ ಕಷ್ಟ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ." 

ನಾನು ಮಾಡಿದ್ದು ತಪ್ಪು ಮಗಳೇ. ಕೊಲ್ಲುವುದರಲ್ಲಿದ್ದೆ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಮಾತ್ರೆ ತೆಗೆದುಕೋ. ಮನೆಯ ಷರತ್ತು ಗಿರತ್ತು ಏನೂ ಇಲ್ಲ.

ಅಪ್ಪ

*

ಮಾರ್ಚ್ 24

ಅಪ್ಪನವರಿಗೆ,

ಎಷ್ಟು ಸುಲಭ ನಿಮಗೆ! ಬಿಡು ಎಂದಿರಿ, ಬಿಟ್ಟೆ. ತೆಗೆದುಕೋ ಎಂದಿರಿ, ತೆಗೆದುಕೊಳ್ಳಬೇಕು. ನಾನೇನು ನಿಮ್ಮ ಡ್ರೈವಿಂಗ್ ಸ್ಕೂಲಿನ ಕಾರಾ?

ಆ ಬೆಳಿಗ್ಗೆ ಅದು ಒದೆಯಲಿಲ್ಲ. ಬೆಂಚಿನಲ್ಲಿ ಕೂತು ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ದಿನಾ ಆ ಹೊತ್ತಿಗೆ ಒದೆಯುವುದು, ಅವತ್ತು ತೆಪ್ಪಗಿತ್ತು. ಬಾಯಿ ತೆರೆದರೆ ನನ್ನ ಕಳ್ಳತನ ಗೊತ್ತಾಗುತ್ತದೆ ಎಂದು ನೋವು ಬಂದರೂ ಸುಮ್ಮನೆ ಕೂತಿದ್ದೆ. ನಿಮ್ಮ ಶಹಭಾಷ್‌ಗಾಗಿ. ನಿಮಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಈಗ ಇನ್ನೊಂದು ಶುರುವಾಗಿದೆ. ಹೊಟ್ಟೆ ದೊಡ್ಡದಾಗುತ್ತಾ ಹೋದ ಹಾಗೆ ಮೊದಲಿನ ಪ್ರಮಾಣ ಸಾಲುವುದಿಲ್ಲವಂತೆ. ಸಂಜೆಯಾದರೆ ಪುನಃ ಆಕಳಿಕೆ, ಕಾಲು ಸೆಳೆತ. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿ ಎರಡು ಹೊತ್ತು ಕೊಡುತ್ತೇನೆ ಎನ್ನುತ್ತಾರೆ. ನಾನು ಬೇಡ ಎಂದಿದ್ದೇನೆ. ಹೆಚ್ಚು ಕೊಟ್ಟರೆ ಮಗು ಹೆಚ್ಚು ನಡುಗುತ್ತದೆ. ಇದನ್ನು ನನ್ನ ತಲೆಗೆ ಹಾಕಿದವರು ನೀವು. ಈಗ ಅದು ಹೊರಗೆ ಬರುತ್ತಿಲ್ಲ. ಅವರು ಹೇಳಿದ್ದನ್ನು ನಂಬಲು ಆಗುತ್ತಿಲ್ಲ, ನೀವು ಹೇಳಿದ್ದನ್ನಂತೂ ನಂಬುವುದೇ ಇಲ್ಲ.

ನನಗೆ ನಿಮ್ಮ ಜೊತೆ ಮಾತು ಬೇಡ. ಬರಲೇಬೇಕು ಎಂದರೆ ಬೆಂಚಿಗೆ ಬನ್ನಿ. ಅಲ್ಲಿ ಯಾರೂ ಮಾತಾಡುವಂತಿಲ್ಲ.

ಚೂಟಿ

*

ಮಾರ್ಚ್ 29

ಚೂಟಿ,

ನಾಳೆಯಿಂದ ಬರುತ್ತೇನೆ. ಬೆಳಗಿನ ಪಾಠಗಳನ್ನೆಲ್ಲ ಮಧ್ಯಾಹ್ನಕ್ಕೆ ಹಾಕಿದ್ದೇನೆ. ಸಿಸ್ಟರ್ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. "ನೀವು ಕೆಮ್ಮಿದ್ರೂ ಎಬ್ಬಿಸಿ ಕಳಿಸ್ತೀನಿ."

ನನ್ನನ್ನು ನಂಬಬೇಡ. ನಾನು ಡಾಕ್ಟರಮ್ಮನನ್ನು ಕೇಳಿ ಬಂದದ್ದನ್ನು ಮಾತ್ರ ಬರೆಯುತ್ತೇನೆ, ಸುಳ್ಳೋ ನಿಜವೋ ನೀನೇ ಅವರನ್ನು ಕೇಳು. ಅಮ್ಮ ಎಷ್ಟು ಮಾತ್ರೆ ತೆಗೆದುಕೊಂಡಳು ಎಂಬುದರ ಮೇಲೆ ಮಗು ಎಷ್ಟು ನಡುಗುತ್ತದೆ ಎಂದು ಹೇಳಲು ಬರುವುದಿಲ್ಲವಂತೆ. ಕಡಿಮೆ ತೆಗೆದುಕೊಂಡವರ ಮಗು ನಡುಗಿದ್ದೂ ಉಂಟು, ಜಾಸ್ತಿ ತೆಗೆದುಕೊಂಡವರದು ಹಾಯಾಗಿ ಮಲಗಿದ್ದೂ ಉಂಟು. ಆದರೆ ಅಮ್ಮನ ಮೈ ಸಂಜೆ ಸಂಜೆ ಕುಸಿಯುತ್ತಿದ್ದರೆ ಒಳಗಿರುವುದಕ್ಕೆ ದಿನಾ ಪೆಟ್ಟು. ಆಕಳಿಕೆ ಜಾಸ್ತಿಯಾದರೆ ಒಂದು ದಿನ ನೀನೇ ಗೇಟು ದಾಟಿ ಪುಡಿ ಹುಡುಕಿಕೊಂಡು ಹೋಗಬಹುದು ಎಂದೂ ಅಂದರು. ನನಗೆ ಅದೇ ಹೆಚ್ಚು ಭಯ.

ಮೂರು ಸಲ ಕೇಳಿದೆ, ಒಂದೇ ಪ್ರಶ್ನೆ. ಮೂರು ಸಲವೂ ಬೇಸರಿಸದೆ ಹೇಳಿದರು. ನಾನಾಗಿದ್ದರೆ ಕಾರಿನಿಂದ ಇಳಿಸಿಬಿಡುತ್ತಿದ್ದೆ.

ಅಪ್ಪ

*

ಏಪ್ರಿಲ್ 9

ಅಪ್ಪ,

ಇವತ್ತು ಬರೆಯದಿದ್ದರೆ ಆಗುವುದಿಲ್ಲ. ಎದುರಿಗೆ ಕೂತಾಗ ಹೇಳಲು ಬಾಯಿ ಕಟ್ಟಿರುತ್ತದಲ್ಲ.

ಮೊದಲ ದಿನ ನಿಮ್ಮನ್ನು ನೋಡಿ ಬೇಕರಿಯವಳಿಗೆ ನಗು ತಡೆಯಲಾಗದೆ ಮಾತ್ರೆ ನುಂಗಿಬಿಟ್ಟಳು. ಸಿಸ್ಟರ್ ಅವಳಿಗೆ ಮಾಡಿದ ಮಂಗಳಾರತಿ ಕೇಳಿದಿರಲ್ಲ. ಜೀವಮಾನದಲ್ಲಿ ನೀವು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ನಾನು ನೋಡಿರಲಿಲ್ಲ. ನಿಮ್ಮ ದವಡೆ ಮಾತ್ರ ಆಡುತ್ತಿತ್ತು. ಒಳಗೊಳಗೇ ಯಾರಿಗೋ ಪಾಠ ಹೇಳುತ್ತಿದ್ದಿರೇನೋ.

ನಾನು ನಿಮ್ಮ ಕಡೆ ತಿರುಗಿ ನೋಡಲಿಲ್ಲ. ಅಷ್ಟು ದಿನವೂ ನೋಡಲಿಲ್ಲ. ಸಿಟ್ಟಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಇವತ್ತು ಸಿಸ್ಟರ್ ಕಿಟಕಿಯಿಂದ "ಹೆಚ್ಚಿಂದು ತಗೋತೀಯಾ?" ಎಂದು ದಿನದಂತೆ ಕೇಳಿದರು. ನಾನು ದಿನದಂತೆ ತಲೆ ಅಲ್ಲಾಡಿಸಿದೆ. ನೀವು ಎದ್ದು ನಿಂತು ಅಷ್ಟೂ ಜನರ ಎದುರು ನನಗೆ ಕೈ ಮುಗಿದಿರಿ. ಅಪ್ಪ, ಯಾರಾದರೂ ಮಗಳಿಗೆ ಕೈ ಮುಗಿಯುತ್ತಾರಾ? ನನಗೆ ಭೂಮಿಗೆ ಇಳಿದು ಹೋಗುವ ಹಾಗಾಯಿತು. ನಿಮ್ಮ ಕೈ ಎಷ್ಟು ಮುದಿಯಾಗಿದೆ ಎಂದು ಆಗ ನೋಡಿದೆ.

ತೆಗೆದುಕೊಂಡೆ. ಸಂಜೆ ಇನ್ನೊಂದು ತೆಗೆದುಕೊಂಡೆ. ಆಕಳಿಕೆ ನಿಂತಿದೆ. ಮಗು ಈಗ ಒದೆಯುತ್ತಿದೆ, ಬಲಗಡೆಗೆ.

ಇನ್ನು ಯಾವತ್ತೂ ಕೈ ಮುಗಿಯಬೇಡಿ. ಹೆದರಿಕೆಯಾಗುತ್ತದೆ.

ನಿಮ್ಮ
ಚೂಟಿ

*

ಮೇ 8

ಚೂಟಿ,

ನೀನು ಮಲಗಿದ್ದೀಯ. ನಿನ್ನ ಮಂಚದ ಪಕ್ಕವೇ ಕೂತು ಬರೆಯುತ್ತಿದ್ದೇನೆ. ಎದ್ದ ಮೇಲೆ ಹೇಳಲು ಹೊರಟರೆ ನನ್ನ ದನಿ ಏರುತ್ತದೆ, ಸಿಸ್ಟರ್ ಹೊರಗೆ ಹಾಕುತ್ತಾರೆ.

ನಿನ್ನೆ ಮಗು ನಡುಗಲು ಶುರುವಾದಾಗ ನೀನು ಗೋಡೆಯ ಕಡೆ ತಿರುಗಿ ಹೇಳಿದೆ. "ಇದು ಹಿಂಗಾಗೋಕೆ ನಾನೇ ಕಾರಣ. ಈಗ ಹುಟ್ಟಾಯ್ತಲ್ಲ, ನಾಳೆಯಿಂದ ಆ ಮಾತ್ರೆ ಮುಟ್ಟಲ್ಲ ಅಪ್ಪ."  ಹೆರಿಗೆಯಾದ ಮೇಲೆ ಮಾತ್ರೆ ಬಿಟ್ಟು ಪುನಃ ಪುಡಿಗೆ ಬಿದ್ದು ಸತ್ತವರ ಬಗ್ಗೆ ಡಾಕ್ಟರಮ್ಮ ನನಗೆ ಹೇಳಿದ್ದಾರೆ. ಬೆಳಿಗ್ಗೆ ಸಿಸ್ಟರ್ ತಂದಾಗ ನೀನು ನಿಜವಾಗಿಯೂ ಬೇಡ ಎಂದೆ. ಆಮೇಲೆ ಅಳುತ್ತಾ ನಿದ್ದೆ ಹೋದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ.

ಅತ್ತೆ ಬಂದಿದ್ದಳು. ಟೋಪಿ ತಂದಿದ್ದಳು. ಮಗುವನ್ನು ನೋಡಿದವಳೇ "ಅಯ್ಯೋ, ಇದೇನೋ ಹಿಂಗೆ ನಡುಗ್ತಾ ಇದೆ? ರಕ್ತ ಕಡಿಮೆ ಆಗಿದ್ದಕ್ಕಾ?" ಎಂದಳು. ಆ ವಾರ್ಡಿನಲ್ಲಿ ಆರು ಜನ ಬಾಣಂತಿಯರು, ಅವರ ಮನೆಯವರು. ನಾನು ಹೇಳಿದೆ. "ಇಲ್ಲಕ್ಕ, ರಕ್ತ ಸರಿಯಾಗೇ ಇದೆ. ನನ್ನ ಮಗಳಿಗೆ ಪುಡಿ ಚಟ ಇತ್ತು. ಮಗು ಉಳೀಲಿ ಅಂತ ಔಷಧಿ ತಗೋತಿದ್ದಾಳೆ. ಇನ್ನೂ ತಗೋತಾಳೆ. ಅದಕ್ಕೇ ಮಗು ನಡುಗ್ತಿರೋದು, ಸರಿ ಹೋಗತ್ತೆ." ಅತ್ತೆ ಟೋಪಿಯನ್ನು ಮಂಚದ ಮೇಲಿಟ್ಟಳು. ಆಮೇಲೆ ಕಿಟಕಿಯ ಪರದೆ ಎಳೆದಳು. ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಪಾಪ, ಎಂದಳು. ಅಷ್ಟೇ.

ಮಗು ಪುನಃ ಅಳಲು ಶುರು ಮಾಡಿತು. ನಿನ್ನನ್ನು ಎಬ್ಬಿಸುವುದು ಬೇಡ ಎಂದು ಸಿಸ್ಟರ್ ನನ್ನ ಅಂಗಿಯ ಗುಂಡಿ ಬಿಚ್ಚಿಸಿ ಬರಿ ಎದೆಯ ಮೇಲೆ ನಿನ್ನ ಮಗಳನ್ನು ಮಲಗಿಸಿದರು. "ತಟ್ಬೇಡಿ, ಅಲ್ಲಾಡಿಸ್ಬೇಡಿ, ಲಾಲಿ ಗೀಲಿ ಏನೂ ಬೇಡ. ಸುಮ್ನೆ ಇರಿ." ಕೋಳಿಮರಿಯಷ್ಟು ಬಿಸಿ. ಕೈ ನಡುಗುತ್ತದೆ, ಗಲ್ಲ ನಡುಗುತ್ತದೆ, ಅಂಗಾಲು ನಡುಗುತ್ತದೆ. ನನಗೂ ಅಳು ಬಂತು. ನಾನು ಅಲುಗಿದರೆ ಅವಳು ಅಲುಗುತ್ತಾಳೆ ಎಂದು ಅಳುವನ್ನು ನುಂಗಿಕೊಂಡೆ. ಹೊತ್ತು ಹೋದ ಮೇಲೆ ನಿದ್ದೆ ಹತ್ತಿತು ಅವಳಿಗೆ. ಈಗಲೂ ಇಲ್ಲೇ ಇದ್ದಾಳೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ನಿದ್ದೆಯಲ್ಲೂ ಆಗಾಗ ಒಂದು ಸಲ ನಡುಗುತ್ತಾಳೆ.

ಚೂಟಿ, ಇವಳು ನಡುಗುತ್ತಿದ್ದಾಳೆ ಎಂದರೆ ಇದ್ದಾಳೆ. ಮಾರ್ಚ್ ತಿಂಗಳಲ್ಲಿ ನನ್ನ ಮಾತು ನಡೆದಿದ್ದರೆ ನಡುಗುವುದಕ್ಕೂ ಯಾರೂ ಇರುತ್ತಿರಲಿಲ್ಲ.

ಎದ್ದ ಕೂಡಲೇ ಮಾತ್ರೆ ತೆಗೆದುಕೋ. ಯಾವಾಗ ನಿಲ್ಲಿಸುತ್ತೀಯ ಎಂದು ನಾನು ಈ ಜನ್ಮದಲ್ಲಿ ಕೇಳುವುದಿಲ್ಲ. ಹಾಲು ಕುಡಿಸಬಹುದಾ ಎಂದು ಕೇಳಿದೆ, ಧಾರಾಳವಾಗಿ ಕುಡಿಸಬಹುದಂತೆ, ಒಳ್ಳೆಯದೇ ಅಂತೆ. ಮಾತ್ರೆ ಕರಗುವ ತನಕ ಇವಳನ್ನು ನಾನು ಹಿಡಿದಿರುತ್ತೇನೆ.

ಅಪ್ಪ